ನೀರು ಕೊಡಬಾರದ ಹೊತ್ತು

ಗುರುವಾರ ಸಂಜೆ, ಜಿಮ್ಮಿನ ಮೂಲೆಯಲ್ಲಿ,
ಸೊಂಟದ ಕೆಳಗೆ ಏನೂ ಇಲ್ಲದ ಗೊಂಬೆಯ ಎದೆ ಒತ್ತೊತ್ತಿ
ಕಲಿತವರು ನಾವು ಏಳು ಜನ.
ಮೂವತ್ತು ಒತ್ತು, ಎರಡು ಉಸಿರು.
ರಯ್ಯಾ ಅರಬಿಯಲ್ಲಿ ಎಣಿಸುತ್ತಿದ್ದಳು, ಜುಲಂದಾ ಇಂಗ್ಲಿಷಿನಲ್ಲಿ,
ನಾನು ಹತ್ತೊಂಬತ್ತರ ತನಕ ಇಂಗ್ಲಿಷು,
ದಮ್ಮು ಕಟ್ಟಿದ ಮೇಲೆ ಇಪ್ಪತ್ತು, ಇಪ್ಪತ್ತೊಂದು,
ಅಮ್ಮ ಬೀಡಿ ಎಣಿಸಿ ಕಟ್ಟು ಕಟ್ಟಿದ ಹಾಗೆ.

ಜಲಜಕ್ಕ ಕುಂದಾಪುರದವರು. ಸೊಹಾರಿನಲ್ಲಿ
ಇಪ್ಪತ್ತಾರು ವರ್ಷ ಕ್ಯಾಶುವಾಲ್ಟಿ ಕಂಡ ಕೈ.
ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿ
ಕೊನೆಗೆ ನನ್ನ ಕಡೆ ತಿರುಗಿ:
"ಎಚ್ರ ಇಲ್ದವ್ನ ಬಾಯಿಗೆ ನೀರ್ ಬಿಡುಕಾಗ. ಗೊತ್ತಾಯ್ತಾ ಮಗಾ?"
ಅಂಥವನ ಗಂಟಲಿಗೆ ದಾರಿ ಮರೆತಿರುತ್ತದಂತೆ,
ನೀರು ಹೊಟ್ಟೆ ಬಿಟ್ಟು ಉಸಿರಿನ ಮನೆಗೇ ನುಗ್ಗುತ್ತದಂತೆ.
ತಲೆಯಾಡಿಸಿದೆ. ಆದರೆ ನಮ್ಮ ಕಡೆ
ಯಾರೇ ಬೀಳಲಿ, ಬಸ್‌ಸ್ಟ್ಯಾಂಡಿನಲ್ಲೋ ಮದುವೆ ಹಾಲಿನಲ್ಲೋ,
ಮೊದಲ ಕೂಗು ಅದೇ ಅಲ್ಲವೇ,
ನೀರು ತನ್ನಿ, ನೀರು!

ಜುಲೈ. ಬಿಸಿಲ ಕೆಲಸ ನಿಲ್ಲಿಸುವ ಕಾಯಿದೆ
ಹನ್ನೆರಡೂವರೆಗೆ ಶುರುವಾಗುತ್ತದೆ.
ಅವನು ಬಿದ್ದದ್ದು ಹನ್ನೊಂದು ನಲವತ್ತಕ್ಕೆ,
ಲೈಬ್ರರಿಯ ಹಿಂದೆ. ಖರ್ಜೂರದ ಗೊನೆಗೆ ಬಲೆ ಕಟ್ಟುತ್ತಿದ್ದರು.
ಮೇಲಿದ್ದವನಲ್ಲ, ಕೆಳಗೆ ಏಣಿ ಹಿಡಿದು ನಿಂತವನು.

ರಯ್ಯಾ ಫೋನು ಹಚ್ಚಿದಳು. ಇಪ್ಪತ್ತು ನಿಮಿಷ ಅಂದರಂತೆ.
ಉಸಿರಿದೆ. ನಾಡಿ ಇದೆ, ಓಡುತ್ತಿದೆ, ನೂರ ನಲವತ್ತೆರಡು.
ಚರ್ಮವೋ, ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಟ್ಯಾಂಕು.
ಎದೆ ಒತ್ತುವುದು ಬೇಕಿಲ್ಲ.
ಕಲಿತ ಮೂವತ್ತೂ ಅಂಗೈಯಲ್ಲೇ ಉಳಿದವು.

ನೆರಳಿಗೆ ಎಳೆದೆವು. ನೀಲಿ ಕವರಾಲಿಗೆ ಕತ್ತರಿ ಹಾಕಿದೆ,
ಕತ್ತಿನ ತಾಯತವನ್ನು ಮಾತ್ರ ಕತ್ತರಿ ತಾನೇ ಬಳಸಿ ಹೋಯಿತು.
ತೋಟದ ಪೈಪಿನ ಮೊದಲ ನೀರು ಕುದಿಯುತ್ತಿತ್ತು,
ಅದನ್ನು ಮರಕ್ಕೆ ಬಿಟ್ಟೆವು.
ಜುಲಂದಾ ಕ್ಯಾಂಟೀನಿನಿಂದ ಎರಡು ಬಕೆಟ್ ಐಸು
ಹೊತ್ತು ಓಡಿಬಂದ. ಶರಬತ್ತಿನ ಐಸು, ಪುದೀನ ಎಲೆ ಅಂಟಿಕೊಂಡೇ ಇತ್ತು.
ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ.
ಕೆಮಿಸ್ಟ್ರಿ ಫೈಲು ಹಿಡಿದು ಬೀಸಿದ್ದೇ ಬೀಸಿದ್ದು.

ಆಗ ತುಟಿ ಅಲುಗಿತು:
"ನೀಳ್ಳು..."

ರಯ್ಯಾಳಿಗೆ ಅದು ಬರೀ ಸದ್ದು. ಜುಲಂದಾನಿಗೂ ಅಷ್ಟೇ.
ನನಗೊಬ್ಬನಿಗೆ ತಿಳಿದುಬಿಟ್ಟಿತು, ನನ್ನ ಗ್ರಹಚಾರ.
ಅವನ ನೀಳ್ಳಿಗೂ ನನ್ನ ನೀರಿಗೂ ಒಂದೇ ಬಾವಿ.
ಪಕ್ಕದಲ್ಲೇ ಬಾಟಲಿ, ಮೈಯೆಲ್ಲ ಬೆವರಿಕೊಂಡು ಕೂತಿದೆ.
"ಪೇರು? ನಿನ್ನ ಪೇರು?" ಎಂದೆ.
ಕಣ್ಣು ತೇಲಿದವು, ಎಲ್ಲೂ ನಿಲ್ಲಲಿಲ್ಲ.
ತನ್ನ ಹೆಸರು ಸಿಕ್ಕದ ಗಂಟಲಿಗೆ
ಗುಟುಕು ಸಿಕ್ಕೀತೆಂದು ಹೇಗೆ ನಂಬಲಿ?

ಬಾಟಲಿ ಎತ್ತಿದೆ. ಮುಚ್ಚಳ ತೆಗೆದೆ.
ಅವನ ಎದೆಯ ಮೇಲೆ ಸುರಿದೆ.
"ನೀಳ್ಳು." ಮತ್ತೆ, "ನೀಳ್ಳು."
ಕೊಡೂದಿಲ್ಲ ಅಣ್ಣಾ, ಎಂದೆ,
ಬೀಸುತ್ತಲೇ, ಕನ್ನಡದಲ್ಲಿ.
ಹುಟ್ಟಿದಾಗಿನಿಂದ ಯಾರಿಗೂ ಹೇಳಿರದ ಮಾತು.

ವಾಂತಿ ಬಂತು. ಮಗ್ಗುಲಿಗೆ ಹೊರಳಿಸಿದೆವು.
ಕೆಂಪು ದೀಪ ಬಂತು, ಹೋಯಿತು.

ಆಮೇಲೆ ಫಾರಂ. ಹೆಸರು ಅವನ ಕಾರ್ಡಿನಿಂದ:
ರಾಜಲಿಂಗಂ, ಜಗಿತ್ಯಾಲ, ಮೂವತ್ತೊಂಬತ್ತು.
ಕೊಟ್ಟ ಔಷಧಿ: ಇಲ್ಲ.
ಬಾಯಿಯ ಮೂಲಕ ಕೊಟ್ಟದ್ದು:
ಇಲ್ಲ.
ಜಲಜಕ್ಕ ಓದಿ, ಏನೂ ಅನ್ನದೆ,
ನನ್ನ ಕೈಗೊಂದು ಮಜ್ಜಿಗೆ ಪೊಟ್ಟಣ ತುರುಕಿದರು.

ಸೆಪ್ಟೆಂಬರಿನಲ್ಲಿ ಕಂಡ. ಅದೇ ಮರ, ಅದೇ ಏಣಿ.
ಅವನಿಗೆ ನನ್ನ ಮುಖ ಗೊತ್ತಿಲ್ಲ,
ನನಗೆ ಅವನ ನಾಡಿ ಗೊತ್ತು.
ತಲೆ ಹಿಂದಕ್ಕೆ ಚೆಲ್ಲಿ, ತುಟಿ ಸೋಕಿಸದೆ,
ಬಾಟಲಿ ಎತ್ತಿ ಕುಡಿಯುತ್ತಿದ್ದ.
ಗಂಟಲಮಣಿ ಏರಿ ಇಳಿಯುವುದನ್ನು ನಿಂತು ಎಣಿಸಿದೆ,
ಒಂದರಿಂದಲೇ, ಈ ಸಲ ಕನ್ನಡದಲ್ಲಿ.
ಹನ್ನೊಂದು.
ನನ್ನ ಕ್ಲಾಸು ಶುರುವಾಗಿ ಐದು ನಿಮಿಷವಾಗಿತ್ತು.